ಬೀಗರೂಟಕ್ಕೆ ಒಲೆ ಕೊಟ್ಟವರು

ಅವರ ಎಡಗೈಯಲ್ಲಿ ಕರಡಿಯ ಹಾಗೆ ಕೂದಲು. ಬಲಗೈಯಲ್ಲಿ ಮೊಣಕೈವರೆಗೆ ಹುಡುಕಿದರೂ ಒಂದು ರೋಮ ಸಿಗುತ್ತಿರಲಿಲ್ಲ. ಎಳೆಮಗುವಿನ ಕೆನ್ನೆಯ ಹಾಗೆ ನುಣ್ಣಗೆ, ಸ್ವಲ್ಪ ಕೆಂಪಗೆ ಹೊಳೆಯುತ್ತಿತ್ತು. ಮೊದಲ ಸಲ ಬ್ರೆಡ್ಡಿನ ಪೊಟ್ಟಣ ನನ್ನ ಕಡೆ ಚಾಚಿದಾಗ ಇವು ಒಬ್ಬರ ಕೈಗಳೋ ಇಬ್ಬರ ಕೈಗಳೋ ಎಂದು ಗಲಿಬಿಲಿಯಾಯಿತು. ಇಟ್ ಈಸ್ ರೂಡ್ ಟು ಸ್ಟೇರ್ ಎಂದು ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಹೇಳಿ ಹೇಳಿ ಸಾಕಾಗಿದ್ದರು. ಆದರೂ ನೋಡಿದೆ.

"ಒಲೆ ತಿಂದುಬಿಟ್ಟಿತು ಟೀಚರೆ," ಎಂದರು ಅವರು ನಗುತ್ತ. "ದಿನಾ ಈ ಕೈ ಒಳಗೆ ಹೋಗ್ತದಲ್ಲ."

ಗುಂಡ್ಲುಪೇಟೆಯಲ್ಲಿ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಕೇರಳದ ಕಡೆಯಿಂದ ಬಂದು ಬೇಕರಿ, ಟೀ ಅಂಗಡಿ ಇಟ್ಟವರನ್ನೆಲ್ಲ ನಮ್ಮ ಕಡೆ ಹಾಗೆಯೇ ಕರೆಯುವುದು. ತರಕಾರಿ ಲಾರಿಗಳು ಘಟ್ಟ ಇಳಿದು ಹೋಗುವ ದಾರಿಯಲ್ಲೇ ಅವರು ಘಟ್ಟ ಹತ್ತಿ ಬಂದಿದ್ದರಂತೆ, ಮೀಸೆ ಮೂಡುವ ವಯಸ್ಸಿನಲ್ಲಿ. ಹೆದ್ದಾರಿಯಿಂದ ಈರುಳ್ಳಿ ಮಂಡಿಗೆ ತಿರುಗುವ ಮೂಲೆಯಲ್ಲಿ ಬೇಕರಿ. ಹಿಂದುಗಡೆ ಸೌದೆ ಒಲೆ. ಒಲೆಯೆಂದರೆ ಅಡುಗೆಮನೆಯ ಒಲೆಯಲ್ಲ, ಇಟ್ಟಿಗೆಯಲ್ಲಿ ಕಟ್ಟಿದ ಒಂದು ಸಣ್ಣ ಕೋಣೆಯೇ. ಬಗ್ಗಿದರೆ ಮನುಷ್ಯ ಒಳಗೆ ಹೋಗಿ ಮಲಗಬಹುದು. ಅವರ ಭಾಷೆಯಲ್ಲಿ ಅದಕ್ಕೆ ಬೋರ್ಮ. ಸರ್ವೆ ಸೌದೆಯನ್ನು ಒಳಗೇ ಉರಿಸಿ, ಕೆಂಡವನ್ನೆಲ್ಲ ಎಳೆದು ತೆಗೆದು, ಒದ್ದೆ ಗೋಣಿಚೀಲ ಕಟ್ಟಿದ ಗಳುವಿನಿಂದ ನೆಲ ಒರೆಸಿ, ಆಮೇಲೆ ಬ್ರೆಡ್ಡು ಬನ್ನುಗಳನ್ನು ಒಳಗೆ ತಳ್ಳುವುದು. ಬೆಂಕಿಯಿಲ್ಲ, ಇಟ್ಟಿಗೆ ಕುಡಿದಿಟ್ಟುಕೊಂಡ ಕಾವಿನಲ್ಲೇ ಎಲ್ಲ ಬೇಯಬೇಕು.

ಆ ಕಾವನ್ನು ಅಳೆಯುವುದಕ್ಕೆ ಅವರ ಬಳಿ ಇದ್ದದ್ದು ಆ ಬಲಗೈ ಒಂದೇ. ಒಲೆಯ ಬಾಯಿಗೆ ನಿಂತು, ತೋಳು ಮಡಿಸಿ, ಕೈಯನ್ನು ಒಳಗೆ ಚಾಚಿ ಎಣಿಸುತ್ತಿದ್ದರು. ಒನ್ನ್, ರಂಡ್, ಮೂನ್ನ್, ನಾಲ್... ಆರಕ್ಕೆ ಕೈ ಹಿಂದೆ ಬಂದರೆ ಬ್ರೆಡ್ಡಿನ ಕಾವು. ಎಂಟಕ್ಕೆ ಬನ್ನು. ಹನ್ನೆರಡರವರೆಗೆ ತಡೆದುಕೊಂಡರೆ ಕಾವು ಇಳಿದಿದೆ, ಇನ್ನು ರಸ್ಕಿಗೆ ಮಾತ್ರ. ನಲವತ್ತು ವರ್ಷ ಕನ್ನಡದಲ್ಲೇ ವ್ಯಾಪಾರ ಮಾಡಿದವರು, ಮಂಡಿಯವರೊಂದಿಗೆ ನಮ್ಮೂರ ಭಾಷೆಯಲ್ಲೇ ಬೈದಾಡುತ್ತಿದ್ದವರು. ಒಲೆಯ ಮುಂದೆ ಮಾತ್ರ ಮಲಯಾಳದಲ್ಲೇ ಎಣಿಸುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಕನ್ನಡದಲ್ಲಿ ಎಣಿಸಿದರೆ ಉದ್ದ ಆಗ್ತದೆ, ಕೈ ಸುಡ್ತದೆ," ಎಂದಿದ್ದರು. ಜೋಕೋ ನಿಜವೋ, ಟು ದಿಸ್ ಡೇ ಐ ಡೋಂಟ್ ನೋ.

ಬೇಕರಿಯ ಬೋರ್ಡಿನ ಕೆಳಗೆ ಹಸಿರು ಬಣ್ಣದಲ್ಲಿ ಒಂದು ಸಾಲು ಬರೆಸಿದ್ದರು: ಇಲ್ಲಿ ಸಸ್ಯಾಹಾರ ಮಾತ್ರ. ಮಂಡಿಯ ಸಾಹುಕಾರರು ಬಹಳಷ್ಟು ಜನ ಹಣೆ ತುಂಬ ವಿಭೂತಿ ಇಟ್ಟು, ಕೊರಳಲ್ಲಿ ಲಿಂಗ ಧರಿಸಿದವರು. ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ಕಾಯಿಸಿದ ನೀರನ್ನೂ ಕುಡಿಯದವರು. ಅವರು ಬೆಳಗಿನ ಹರಾಜು ಮುಗಿಸಿ ಬಂದು ಕಾಕಾನ ಬನ್ನು ಅದ್ದಿಕೊಂಡು ಟೀ ಕುಡಿಯುತ್ತಿದ್ದರು. ತಮ್ಮ ಮನೆಯಲ್ಲಿ ದಿನಾ ಮೀನು ತಿನ್ನುವ ಮನುಷ್ಯ ಬೇಕರಿಯೊಳಗೆ ಒಂದು ಮೊಟ್ಟೆ ಕೂಡ ತರುತ್ತಿರಲಿಲ್ಲ. ಕೇಕಿಗೂ ಮೊಟ್ಟೆ ಇಲ್ಲ. ಅದಕ್ಕೇ ಅವರ ಕೇಕು ಇಟ್ಟಿಗೆಯ ಹಾಗಿರುತ್ತಿತ್ತು, ಫ್ರಾಂಕ್ಲಿ. ನಾನು ಅದನ್ನು ಹೇಳಿದಾಗ, "ಒಲೆ ಕಟ್ಟಿ ಉಳಿದದ್ದರಲ್ಲಿ ಕೇಕು ಮಾಡ್ತೀನಿ ಟೀಚರೆ," ಎಂದು ನನಗಿಂತ ಜೋರಾಗಿ ನಕ್ಕಿದ್ದರು.

ನನ್ನ ಪೊಟ್ಟಣವನ್ನು ಮಾತ್ರ ಇಂಗ್ಲಿಷ್ ಪೇಪರಿನಲ್ಲಿ ಕಟ್ಟುತ್ತಿದ್ದರು. ಉಳಿದವರಿಗೆಲ್ಲ ಕನ್ನಡ ಪೇಪರು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು, ಹಾಗಾಗಿ ಆ ಗೌರವ. ರದ್ದಿಯವನಿಂದ ಇಂಗ್ಲಿಷ್ ಪೇಪರನ್ನು ಬೇರೆ ಮಾಡಿಸಿ ಗಲ್ಲಾಪೆಟ್ಟಿಗೆಯ ಕೆಳಗೆ ನನಗೆಂದೇ ಇಟ್ಟುಕೊಂಡಿರುತ್ತಿದ್ದರು. ಹಳೆಯ ಸುದ್ದಿಯೇ, ಆದರೂ ನಾನು ಮನೆಗೆ ಹೋಗಿ ಬನ್ನು ತಟ್ಟೆಗೆ ಹಾಕಿ, ಸುಕ್ಕು ಬಿಡಿಸಿಕೊಂಡು ಓದುತ್ತಿದ್ದೆ. ಕ್ರಾಸ್‌ವರ್ಡ್ ಇದ್ದರೆ ಆ ಸಂಜೆಯೆಲ್ಲ ಹಬ್ಬ.

ನಮ್ಮ ಯಜಮಾನರು ತೀರಿಕೊಂಡಾಗ ಮಗಳು ಎರಡನೇ ಕ್ಲಾಸು. ಅವಳ ಸ್ಕೂಲು ನನ್ನದಕ್ಕಿಂತ ಒಂದು ಗಂಟೆ ಮುಂಚೆ ಬಿಡುತ್ತಿತ್ತು. ಆ ಒಂದು ಗಂಟೆ ಅವಳು ಕಾಕಾನ ಬೇಕರಿಯ ಮೈದಾ ಮೂಟೆಯ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ನಾನು ಕೇಳಿಕೊಂಡದ್ದಲ್ಲ. ಮೊದಲ ದಿನ ಮಳೆ ಬಂತೆಂದು ಒಳಗೆ ಕರೆದು ಕೂರಿಸಿದ್ದರಂತೆ, ಆಮೇಲೆ ಅದೇ ರೂಢಿಯಾಯಿತು. "ಮೋಳೆ, ತಗೋ ತಿನ್ನು," ಎಂದು ದಿನಕ್ಕೊಂದು ಬನ್ನು. ಮೋಳೆ ಎಂದರೆ ಮಗಳೇ ಎಂದು. ಅವಳ ಗಣಿತದ ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಮೈದಾ ಹಿಟ್ಟಿನ ಬೆರಳಚ್ಚು ಇರುತ್ತಿತ್ತು. ಅವಳ ಟೀಚರು ಒಮ್ಮೆ ನನ್ನನ್ನು ಕರೆದು ಕೇಳಿದರು, ಮನೆಯಲ್ಲಿ ದಿನಾ ಚಪಾತಿಯಾ ಎಂದು.

ಆ ಮಗಳಿಗೆ ಚಾಮರಾಜನಗರದಲ್ಲಿ ಬ್ಯಾಂಕ್ ಕೆಲಸ ಸಿಕ್ಕಿತು. ಆಮೇಲೆ ಹರವೆ ಕಡೆಯ ಒಂದು ಒಳ್ಳೆಯ ಸಂಬಂಧ ಕೂಡಿಬಂತು. ಹುಡುಗ ಕಾಲೇಜಿನಲ್ಲಿ ಪಾಠ ಮಾಡುವವನು, ಮೆತ್ತಗಿನ ಸ್ವಭಾವ. ಮನೆಯವರು ಅರಿಶಿನ, ಈರುಳ್ಳಿ ಬೆಳೆಯುವವರು, ತುಂಬಿದ ಮನೆ, ಬಾಯಿ ಜೋರು. ಎಲ್ಲಕ್ಕಿಂತ ಜೋರು ಬಾಯಿ ಹುಡುಗನ ಸೋದರತ್ತೆಯದು. ನಿಶ್ಚಿತಾರ್ಥದ ದಿನ ಎಲೆಯಡಿಕೆ ಹಾಕಿಕೊಂಡು ಕೂತಿದ್ದ ಹೆಂಗಸರ ನಡುವೆ ಆಕೆ ನನಗೆ ಕೇಳುವ ಹಾಗೇ ಪಕ್ಕದವರಿಗೆ ಹೇಳಿದರು:

"ಬೀಗ್ತಿ ಕಾನ್ವೆಂಟಲ್ಲಿ ಓದವ್ಳಂತೆ ಕಣಮ್ಮಿ. ಗಂಡ್ ದಿಕ್ಕಿಲ್ಲದ ಮನೆ ಬೇರೆ. ಬೀಗರೂಟಕ್ಕೆ ನಮ್ಗೆಲ್ಲ ಬ್ರೆಡ್ಡು ಜಾಮು ಕೊಟ್ಬುಟ್ಟು ಟಾಟಾ ಮಾಡ್ಬುಡ್ತಾಳೆ ನೋಡ್ತಿರು."

ಹೆಂಗಸರೆಲ್ಲ ನಕ್ಕರು. ನನ್ನ ಮಗಳು ತಲೆ ತಗ್ಗಿಸಿಕೊಂಡು ಬಳೆ ತಿರುಗಿಸುತ್ತ ಕೂತಳು. ನಮ್ಮ ಕಡೆ ಬೀಗರೂಟವೆಂದರೆ ಏನೆಂದು ಗೊತ್ತಿದ್ದವರಿಗೆ ಗೊತ್ತು. ಮದುವೆಯ ಊಟ ಹೇಗಿದ್ದರೂ ನಡೆದುಹೋಗುತ್ತದೆ. ಮದುವೆಯ ಮಾರನೆಯ ದಿನವೋ ಮೂರನೆಯ ದಿನವೋ ಹೆಣ್ಣಿನವರು ಗಂಡಿನ ಕಡೆಯವರನ್ನು ಕರೆದು ಬಡಿಸುವ ಬಾಡೂಟವನ್ನು ಮಾತ್ರ ಯಾರೂ ಮರೆಯುವುದಿಲ್ಲ. ಮುದ್ದೆ ಗಂಟಾಗಿದ್ದರೆ, ಸಾರು ನೀರಾಗಿದ್ದರೆ, ಸೊಸೆ ಅಜ್ಜಿಯಾಗುವವರೆಗೂ ಆಡಿಕೊಳ್ಳುತ್ತಾರೆ.

ಸುಮ್ಮನಿರಬೇಕಿತ್ತು. ಐ ಮಸ್ಟ್ ಕನ್ಫೆಸ್, ಪ್ರೈಡ್ ನನ್ನ ದೊಡ್ಡ ಪಾಪ. "ಹೌದು ಕಣಮ್ಮ," ಎಂದೆ, "ಮುದ್ದೆ ಮಟನ್ನಿನ ಜೊತೆಗೆ ಬ್ರೆಡ್ಡೂ ಉಂಟು. ಕೋಳಿಗೆ ಬ್ರೆಡ್ಡಿನ ಅಂಗಿ ತೊಡಿಸಿ, ಎಣ್ಣೆ ಸೋಕಿಸದೆ ಒಲೆಯಲ್ಲಿ ಬೇಯಿಸಿ, ಬಂದವರಿಗೆಲ್ಲ ಒಂದೊಂದು ತೊಡೆ ಬಡಿಸ್ತೀನಿ. ನೀವು ಜನ್ಮದಲ್ಲಿ ತಿಂದಿರಬಾರದು."

"ಬಂದೋರ್ಗೆಲ್ಲಾನಾ?" ಎಂದರು ಸೋದರತ್ತೆ. "ಇನ್ನೂರ್ ಜನ ಬತ್ತೀವಿ."

"ಬನ್ನಿ."

ಮಾತು ಬಾಯಿಂದ ಹೊರಟಿತು. ಬೀಗರ ಮುಂದೆ ಆಡಿದ ಮಾತು ವಾಪಸ್ಸು ಬರುವುದಿಲ್ಲ.

ಆ ಕೋಳಿ ನಮ್ಮ ಬೋರ್ಡಿಂಗಿನ ಅಡುಗೆಮನೆ ಸಿಸ್ಟರ್ ವರ್ಷಕ್ಕೊಮ್ಮೆ, ಕ್ರಿಸ್‌ಮಸ್ ರಜೆಗೆ ಮುಂಚೆ ಮಾಡುತ್ತಿದ್ದದ್ದು. ಮೊಸರು, ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು, ನಿಂಬೆ, ಸ್ವಲ್ಪ ಸಾಸಿವೆ ಅರೆದು ಕೋಳಿಗೆ ಸವರಿ ರಾತ್ರಿಯೆಲ್ಲ ಇಡುವುದು. ಬೆಳಿಗ್ಗೆ ಮೈದಾದಲ್ಲಿ ಹೊರಳಿಸಿ, ಒಡೆದ ಮೊಟ್ಟೆಯಲ್ಲಿ ಅದ್ದಿ, ಒಣಗಿದ ಬ್ರೆಡ್ಡಿನ ಪುಡಿಯನ್ನು ಒತ್ತಿ ಮೆತ್ತಿಸಿ ಒಲೆಗೆ ಇಡುವುದು. ಹೊರಗೆ ಕರಕರ, ಒಳಗೆ ಬೆಣ್ಣೆ. ನಾನು ಮನೆಯಲ್ಲಿ ಮಾಡುತ್ತಿದ್ದೆ, ಆಫ್ ಕೋರ್ಸ್. ಆದರೆ ನನ್ನ ಪುಟ್ಟ ಕರೆಂಟ್ ಓವನ್ನಿನಲ್ಲಿ ಒಂದು ಸಲಕ್ಕೆ ಹಿಡಿಸುವುದು ಆರು ತೊಡೆ. ಅಡುಗೆ ಭಟ್ಟನನ್ನು ಕೇಳಿದೆ. "ಅಮ್ಮಾ, ಬಾಣಲೇಲಿ ಎಣ್ಣೆ ಉಯ್ದು ಕರ್ದಾಕ್ಬುಡವ, ಯಾರ್ಗೆ ಗೊತ್ತಾದ್ದು?" ಎಂದ. ಎಣ್ಣೆಯಲ್ಲಿ ಕರಿದ ಕೋಳಿ ಅವರ ಊರಿನ ಬಸ್‌ಸ್ಟ್ಯಾಂಡಿನಲ್ಲೂ ಸಿಗುತ್ತದೆ. ಸೋದರತ್ತೆಗೆ ಮೊದಲ ತುತ್ತಿಗೇ ಗೊತ್ತಾಗುತ್ತಿತ್ತು.

ಕಾಕಾನ ಹತ್ತಿರ ಹೋದೆ. ಮಧ್ಯಾಹ್ನ, ಗಿರಾಕಿ ಇರಲಿಲ್ಲ. ರಸ್ಕು ಜೋಡಿಸುತ್ತಿದ್ದರು. ನಾನು ಕೇಳಿದ್ದು ಮುಗಿಯುವ ಮೊದಲೇ ತಲೆ ಅಲ್ಲಾಡಿಸಿದರು.

"ಅದೊಂದು ಬೇಡ ಟೀಚರೆ. ಬೇರೆ ಏನಾದರೂ ಕೇಳಿ."

"ತಟ್ಟೆಯಲ್ಲಿಟ್ಟೇ ಬೇಯಿಸೋದಲ್ವಾ ಕಾಕಾ..."

"ಕೊಬ್ಬು ಕರಗ್ತದೆ. ಹಾರ್ತದೆ. ಇಟ್ಟಿಗೆ ಕುಡೀತದೆ. ನಾಳೆ ಅದರ ಮೇಲೇ ಸಾಹುಕಾರರ ಬನ್ನು." ಹಸಿರು ಅಕ್ಷರದ ಬೋರ್ಡಿನ ಕಡೆಗೆ ಗದ್ದ ತೋರಿಸಿದರು. "ಅವರು ಬೋರ್ಡು ನೋಡಿ ತಿನ್ನೋದಲ್ಲ, ನನ್ನ ಮುಖ ನೋಡಿ ತಿನ್ನೋದು."

ಹೌದೆನಿಸಿತು. ಕೇಳಿದ್ದಕ್ಕೆ ನಾಚಿಕೆಯಾಯಿತು. ಏಳುವಾಗ ಅವರೇ ಕೇಳಿದರು, ಅಷ್ಟು ಹಟ ಯಾಕೆ ಟೀಚರೆ, ಮಟನ್ ಸಾಲದಾ ಎಂದು. ಸೋದರತ್ತೆಯ ಮಾತನ್ನು ಹೇಳಿದೆ. ನಗುತ್ತಲೇ ಹೇಳಲು ಹೋದೆ, ಗಂಡ್ ದಿಕ್ಕಿಲ್ಲದ ಮನೆ ಎನ್ನುವಲ್ಲಿ ನಗು ಬರಲಿಲ್ಲ. ಕಾಕಾ ರಸ್ಕು ಜೋಡಿಸುವುದನ್ನು ನಿಲ್ಲಿಸಿದರು.

"ಮೋಳ್ ಕೇಳಿಸಿಕೊಂಡಳಾ ಇದನ್ನ?"

"ಪಕ್ಕದಲ್ಲೇ ಇದ್ದಳು."

ಅವರು ನನ್ನ ಪೊಟ್ಟಣ ಕಟ್ಟಿಕೊಟ್ಟರು. ಅವತ್ತು ಅವಸರದಲ್ಲಿ ಕನ್ನಡ ಪೇಪರಿನಲ್ಲಿ ಕಟ್ಟಿದ್ದರು.

ಮೂರು ದಿನ ಕಳೆದು ಸಂಜೆ ನಮ್ಮ ಮನೆಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಎರಡನೆಯ ಸಲ. ಮೊದಲನೆಯದು ಯಜಮಾನರು ಹೋದಾಗ. ಕುರ್ಚಿಯ ತುದಿಯಲ್ಲಿ ಕೂತು, ತಂದಿದ್ದ ರಸ್ಕಿನ ಪೊಟ್ಟಣವನ್ನು ಮಗಳ ಕೈಗೆ ಕೊಟ್ಟು ಹೇಳಿದರು:

"ಒಲೆ ಹಳತಾಯ್ತು ಟೀಚರೆ. ಕಿತ್ತು ಹೊಸ ನೆಲ, ಹೊಸ ಗೋಡೆ ಹಾಕಿಸ್ತೀನಿ. ಗಾರೆಯವನಿಗೆ ಹೇಳಿ ಆಯ್ತು. ಬೀಗರೂಟ ಯಾವತ್ತು?"

"ಮದುವೆಯ ಮೂರನೇ ದಿನ, ಬುಧವಾರ."

"ಹಾಗಾದರೆ ಗುರುವಾರ ಕೀಳ್ತೀನಿ. ಹೋಗೋ ಒಲೆ, ಬುಧವಾರ ನಿಮ್ಮ ಕೋಳಿ ಹಾಕ್ಕೊಳ್ಳಿ."

ನಾನು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ. "ವಾಟ್ ಲಕ್ ಕಾಕಾ! ಸರಿಯಾಗಿ ಇದೇ ಟೈಮಿಗೆ ನಿಮ್ಮ ಒಲೆಯೂ ಕೆಡಬೇಕೆ!"

"ಅದೇ," ಎಂದರು ಕಾಕಾ. "ಲಕ್ಕು."

ಒಲೆಗೆ ಏನು ಕೊಡಲಿ ಎಂದರೆ, ಕೀಳೋ ಒಲೆಗೆ ಯಾರಾದರೂ ಬಾಡಿಗೆ ತಗೋತಾರಾ ಎಂದು ನಕ್ಕುಬಿಟ್ಟರು. ಒಂದೇ ಷರತ್ತು ಹಾಕಿದರು. ಕೋಳಿ ತಾವು ಹೇಳಿದ ಹಲಾಲ್ ಅಂಗಡಿಯಿಂದಲೇ ಬರಬೇಕು, ತಮ್ಮ ಕೈ ಅದನ್ನು ಮುಟ್ಟಬೇಕಲ್ಲ ಎಂದರು. ಒಪ್ಪಿದೆ.

ಇನ್ನು ಕಾವಿನ ಸಮಸ್ಯೆ. ನಾನು ಕನ್ನಡಕ ಹಾಕಿಕೊಂಡು ನನ್ನ ಹಳೆಯ ರೆಸಿಪಿ ಪುಸ್ತಕ ತೆರೆದು ಓದಿದೆ: ಇನ್ನೂರು ಡಿಗ್ರಿ ಸೆಂಟಿಗ್ರೇಡ್, ನಲವತ್ತೈದು ನಿಮಿಷ. ಕಾಕಾ ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದರಲ್ಲಿ ಡಿಗ್ರಿ ಬರೆದಿಲ್ಲವಲ್ಲ ಟೀಚರೆ. ಎಷ್ಟು ಎಣಿಸಬೇಕು, ಅದು ಹೇಳಿ."

ಅದು ನನಗೆ ಹೇಗೆ ಗೊತ್ತಿರಬೇಕು? ಸಿಸ್ಟರ್ ಯಾವತ್ತೂ ಓವನ್ನಿಗೆ ಕೈ ಹಾಕಿ ಎಣಿಸಿದವರಲ್ಲ. ಸರಿ, ಟ್ರಯಲ್ ನೋಡೋಣ ಎಂದರು ಕಾಕಾ. ನಾನು ಎರಡು ಕೋಳಿ ತೊಡೆ ತರಲು ಹೊರಟರೆ, "ಕೋಳಿ ಬೇಡ, ಆಲೂಗಡ್ಡೆ ತನ್ನಿ," ಎಂದರು. ದಪ್ಪ ಆಲೂಗಡ್ಡೆಯನ್ನು ತೊಡೆಯ ಗಾತ್ರಕ್ಕೆ ಕತ್ತರಿಸಿ, ಮೊಟ್ಟೆಯ ಬದಲು ಮೈದಾ ಗಂಜಿಯಲ್ಲಿ ಅದ್ದಿ, ರಸ್ಕಿನ ಪುಡಿ ಮೆತ್ತಿದೆವು. ಪುಡಿ ಅವರದೇ. ಬ್ರೆಡ್ಡಿನದಕ್ಕಿಂತ ರಸ್ಕಿನದು ಮೇಲು, ಎರಡು ಸಲ ಬೆಂದದ್ದು, ಬೇಗ ನೀರು ಎಳೆಯುವುದಿಲ್ಲ ಎಂದರು. ಸಿಸ್ಟರಿಗೂ ತಿಳಿಯದ ವಿದ್ಯೆ.

ಆರು ಎಣಿಸಿ ಹಾಕಿದ ಆಲೂಗಡ್ಡೆ ಹೊರಗೆ ಕಪ್ಪು, ಒಳಗೆ ಹಸಿ. ಒಂಬತ್ತಕ್ಕೆ ಹಾಕಿದ್ದು ಬಿಳಿಚಿಕೊಂಡು ಬಂತು, ಜ್ವರದ ಮಗುವಿನ ಹಾಗೆ. ಮೂರು ಸಂಜೆ ಹೀಗೇ ಕಳೆಯಿತು. ಬೇಕರಿಯ ಕೆಲಸವೆಲ್ಲ ಮುಗಿದ ಮೇಲೆ ನಾವಿಬ್ಬರೂ ಒಲೆಯ ಮುಂದೆ, ಮೈದಾ ಮೂಟೆಯ ಮೇಲೆ ಮದುಮಗಳು ಕೂತು ಆಲೂಗಡ್ಡೆಗೆ ಮಾರ್ಕ್ಸ್ ಹಾಕುತ್ತಿದ್ದಳು. "ಇದು ಫೇಲ್. ಇದು ಜಸ್ಟ್ ಪಾಸ್." ಏಳಕ್ಕೆ ಹಾಕಿ, ಬಾಗಿಲ ಹಲಗೆಯನ್ನು ಒಂದಿಷ್ಟು ಸರಿಸಿ ಇಟ್ಟಾಗ ಹೊಂಬಣ್ಣ ಬಂತು. ಡಿಸ್ಟಿಂಕ್ಷನ್ ಎಂದಳು.

"ಆದರೂ ಆಲೂಗಡ್ಡೆ ಕೋಳಿಯಾಗಲ್ಲ ಕಾಕಾ," ಎಂದೆ ನಾನು. "ಒಂದೇ ಒಂದು ತೊಡೆ ಹಾಕಿ ನೋಡಿಬಿಡೋಣ. ಹೇಗೂ ಕೀಳೋ ಒಲೆ."

"ನಾಳೆಯ ಬನ್ನು ಇದರಲ್ಲೇ ಬೇಯಬೇಕಲ್ಲ ಟೀಚರೆ. ಬುಧವಾರದವರೆಗೂ ಇದು ಬನ್ನಿನ ಒಲೆ."

ಹಿಂದಿನ ಸಂಜೆಯೇ ನಮ್ಮ ಮನೆಯಲ್ಲಿ ಇನ್ನೂರ ನಲವತ್ತು ತೊಡೆಗಳಿಗೆ ಮಸಾಲೆ ಸವರಿ, ಮಂಜುಗಡ್ಡೆ ತುಂಬಿದ ದೊಡ್ಡ ಹಂಡೆಗಳಲ್ಲಿ ಇಟ್ಟೆವು. ಬುಧವಾರ ಬೆಳಕು ಹರಿಯುತ್ತಿದ್ದ ಹಾಗೆ ಬೇಕರಿಗೆ ಸಾಗಿಸಿದರೆ, ಬಾಗಿಲಲ್ಲಿ ಆಗಲೇ ರಟ್ಟು ತೂಗುಹಾಕಿತ್ತು: ಒಲೆ ಕೀಳುತ್ತೇವೆ, ಆರು ದಿನ ರಜೆ. ಒಳಗೆ ಕಾಕಾ ಮತ್ತು ಅವರ ಹೆಂಡತಿ ಬಾಡಿಗೆಗೆ ತಂದ ತಟ್ಟೆಗಳಿಗೆಲ್ಲ ಹಿಂದಿನ ದಿನದ ಬ್ರೆಡ್ಡಿನ ಹೋಳುಗಳನ್ನು ಹಾಸುತ್ತಿದ್ದರು, ಚಾಪೆ ಹಾಸಿದಂತೆ.

"ಇದೇನು ಕಾಕಾ? ರೆಸಿಪಿಯಲ್ಲಿ ಇಲ್ಲ."

"ಕೋಳಿ ನೀರು ಬಿಡ್ತದೆ. ಅಡಿಯ ಅಂಗಿ ಒದ್ದೆಯಾಗಿ ಕಳಚಿಹೋಗ್ತದೆ. ಬ್ರೆಡ್ಡು ಕೆಳಗಿದ್ದರೆ ಅದು ಕುಡಕೊಳ್ತದೆ. ಒಲೆಗೆ ಬಿಡಲ್ಲ." ಇನ್ನೊಂದು ಹೋಳು ಹಾಸಿ, "ಆದಷ್ಟು," ಎಂದರು.

ಹನ್ನೆರಡು ತಟ್ಟೆ, ತಟ್ಟೆಗೆ ಹತ್ತು, ಎರಡು ಸರದಿ. ಒನ್ನ್, ರಂಡ್, ಮೂನ್ನ್... ಏಳಕ್ಕೆ ಕೈ ತೆಗೆದು, ಉದ್ದ ಹಿಡಿಯ ಹಲಗೆಯಿಂದ ಒಂದೊಂದೇ ತಟ್ಟೆಯನ್ನು ಒಳಗೆ ತಳ್ಳಿ, ಬಾಗಿಲು ಸರಿಸಿದರು. ನಾನು ವಾಚು ಹಿಡಿದು ಕೂತೆ. ಮೂವತ್ತೈದು ನಿಮಿಷಕ್ಕೆ ಅವರು ಎದ್ದು ನಿಂತು ಮೂಗು ಅರಳಿಸಿದರು. "ಆಯ್ತು."

"ನಲವತ್ತೈದು ಕಾಕಾ! ಹಸಿ ಕೋಳಿ ಬಡಿಸಿದರೆ ನನ್ನ ಗತಿ?"

"ಆಯ್ತು ಟೀಚರೆ."

"ಇನ್ನೂ ಹತ್ತು ನಿಮಿಷ ಇದೆ."

ಅವರು ನನ್ನ ವಾಚಿನ ಮೇಲೆ ತಮ್ಮ ನುಣ್ಣನೆಯ ಕೈ ಮುಚ್ಚಿದರು. ಬಾಗಿಲು ತೆಗೆದು, ಎಲ್ಲಕ್ಕಿಂತ ದಪ್ಪನೆಯ ತೊಡೆಯನ್ನು ಎಳೆದು, ಚಾಕುವಿನಿಂದ ಮೂಳೆಯವರೆಗೂ ಸೀಳಿದರು. ಹಬೆ ಎದ್ದಿತು. ಒಂದು ಹನಿ ಕೆಂಪಿಲ್ಲ. ಅರ್ಧ ನನ್ನ ಕೈಗೆ ಕೊಟ್ಟು ಅರ್ಧ ತಾವು ಬಾಯಿಗಿಟ್ಟುಕೊಂಡರು. ಅಂಗಿ ಹಲ್ಲಿಗೆ ಕರಕರ ಎಂದಿತು. ನಾನು ಹನ್ನೆರಡು ವರ್ಷದವಳಾಗಿ ಬೋರ್ಡಿಂಗಿನ ಉದ್ದ ಬೆಂಚಿನ ಮೇಲೆ ಕೂತಿದ್ದೆ. ಕಾಕಾ ಅಗಿಯುತ್ತ, "ನಿಮ್ಮ ಸಿಸ್ಟರು ದೊಡ್ಡವರು," ಎಂದರು.

ವಾಸನೆ ಮಂಡಿಯವರೆಗೂ ಹೋಗಿತ್ತು. ವಿಭೂತಿಯ ಹಿರಿಯ ಸಾಹುಕಾರರೊಬ್ಬರು ಪಂಚೆ ಮೂಗಿಗೆ ಹಿಡಿದು ರಸ್ತೆಯ ಆಚೆಯಿಂದಲೇ, "ಏನ್ ಕಾಕಾ ಇದು ನಾತ?" ಎಂದು ಕೂಗಿದರು. ಕಾಕಾ ಬಾಗಿಲಿಗೆ ಹೋಗಿ ನಿಂತು ಹೇಳಿದರು, "ಕೋಳಿ ಸಾಹುಕಾರ್ರೇ. ನಾಳೆ ಈ ಒಲೆ ಇರಲ್ಲ. ಹೊಸ ನೆಲದ ಮೇಲೆ ಬೆಂದ ಮೊದಲನೇ ಬನ್ನು ನಿಮಗೇ." ಸಾಹುಕಾರರು ರಟ್ಟನ್ನು ಓದಿದರು, ಕಾಕಾನ ಮುಖ ನೋಡಿದರು. "ಸರಿ ಬುಡು," ಎಂದು ಹೊರಟುಹೋದರು.

ಬೀಗರೂಟದಲ್ಲಿ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು ಎಲ್ಲ ಇದ್ದವು. ಎಲೆಯ ತುದಿಗೆ ಒಬ್ಬೊಬ್ಬರಿಗೆ ಒಂದು ತೊಡೆ, ಅದರ ಅಡಿಯ ಬ್ರೆಡ್ಡಿನ ಸಮೇತ ಬಡಿಸಿದೆವು. ಸೋದರತ್ತೆ ಮೊದಲು ಬೆರಳಿನಿಂದ ತಟ್ಟಿ ನೋಡಿದರು, ಟೊಕ್ ಟೊಕ್ ಎಂದು. "ಇದೇನವ್ವ, ಕೋಳಿಗೆ ಗಾರೆ ಮಾಡ್ಸವ್ಳೆ," ಎಂದರು. ಸಾಲಿನಲ್ಲಿದ್ದವರು ನಕ್ಕರು. ಆಮೇಲೆ ಕಚ್ಚಿದರು. ಮೂಳೆಯನ್ನು ಶುದ್ಧವಾಗಿ ಚೀಪಿ ಎಲೆಯಂಚಿಗಿಟ್ಟು, ಅಡಿಯ ಬ್ರೆಡ್ಡನ್ನು ಎತ್ತಿ ಅನುಮಾನದಿಂದ ಮೂಲೆ ಮುರಿದು ಬಾಯಿಗೆ ಹಾಕಿಕೊಂಡರು. ಕೋಳಿಯ ರಸ, ಕೊಬ್ಬು, ಮಸಾಲೆಯನ್ನೆಲ್ಲ ಕುಡಿದು, ಅಂಚು ಕೆಂಪಗೆ ಗರಿಗರಿಯಾದ ಬ್ರೆಡ್ಡು. ಸ್ವಲ್ಪ ಹೊತ್ತಿನಲ್ಲಿ ಬಡಿಸುತ್ತಿದ್ದ ನನ್ನ ಸೆರಗು ಹಿಡಿದು ಎಳೆದರು.

"ಬೀಗ್ತಿ, ಆ ಅಡೀದು ಇನ್ನೊಂದ್ ಆಕು."

"ಯಾವುದಮ್ಮ?"

"ಅದೇ ಕಣವ್ವ, ಆ ಬ್ರೆಡ್ಡು."

ಹೇಳಿದ ಮೇಲೆ ಅವರಿಗೇ ನೆನಪಾಯಿತು ಅಂತ ಕಾಣುತ್ತದೆ. ನಾನು ನೋಡಿದೆ, ಅವರು ನೋಡಿದರು. "ಜಾಮ್ ಹಾಕಲಾ?" ಎಂದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳ ಕೆನ್ನೆ ಹಿಂಡಿ, "ನಿಮ್ಮವ್ವ ಬಾರಿ ಕಿಲಾಡಿ ಕಣಮ್ಮಿ," ಎಂದರು. ಮಗಳು ತಲೆ ಎತ್ತಿಕೊಂಡೇ ಗಂಡನ ಮನೆಗೆ ಹೋದಳು. ಆ ಅತ್ತೆ ಇವತ್ತಿಗೂ ಅವಳ ಪರ, ಯಾರಾದರೂ ಒಂದು ಮಾತು ಅಂದರೆ ಇವರೇ ಜಗಳಕ್ಕೆ ನಿಲ್ಲುತ್ತಾರೆ.

ಗುರುವಾರ ಒಲೆ ಕಿತ್ತರು. ಆರು ದಿನ ಊರಿನಲ್ಲಿ ಕಾಕಾನ ಬನ್ನಿಲ್ಲ. ಮಂಡಿಯವರು ಗೊಣಗಿದರು. ನಾಲ್ಕನೇ ದಿನ ನಾನೂ ಹೋಗಿ, ಮಗಳಿಲ್ಲದ ಮನೆಯಲ್ಲಿ ಬೆಳಗಿನ ಟೀಗೆ ಬನ್ನೂ ಇಲ್ಲದೆ ಬೇಜಾರಾಗಿ, "ಎಷ್ಟು ದಿನ ಕಾಕಾ ನಿಮ್ಮ ರಿಪೇರಿ? ಕಾದು ಸಾಕಾಯ್ತು," ಎಂದು ಗದರಿಬಂದೆ. ಹೌದು, ನಾನೇ. ಅವರು ಮಣ್ಣು ಮೆತ್ತಿದ ಕೈ ಮುಗಿದು, "ಇನ್ನೆರಡು ದಿನ ಟೀಚರೆ," ಎಂದರು. ಮರುದಿನ ಗಾಡಿಯಲ್ಲಿ ಹಳೆಯ ಇಟ್ಟಿಗೆಗಳು ನಮ್ಮ ಮನೆಗೆ ಬಂದವು. ಬಿಸಾಡೋದು ಯಾಕೆ, ಹಿತ್ತಲಲ್ಲಿ ಒಗೆಯುವ ಕಲ್ಲಿನ ಸುತ್ತ ಕೆಸರಾಗುತ್ತದಲ್ಲ, ಹಾಸಿಕೊಳ್ಳಿ ಎಂದು ಹೇಳಿಕಳಿಸಿದ್ದರು. ಹಾಸಿಸಿದೆ. ಒಂದು ಮುಖ ಕಪ್ಪಗೆ, ಚಪ್ಪಟೆ ಇಟ್ಟಿಗೆಗಳು.

ಹೊಸ ಒಲೆಯ ಮೊದಲ ಬನ್ನು ಹಿರಿಯ ಸಾಹುಕಾರರಿಗೇ ಹೋಯಿತು. ಎರಡನೆಯದು ನನಗೆ, ಇಂಗ್ಲಿಷ್ ಪೇಪರಿನಲ್ಲಿ.

ಆಮೇಲೆ ಹನ್ನೊಂದು ವರ್ಷ ಅವರು ಆ ಒಲೆಗೆ ಕೈ ಚಾಚಿ ಎಣಿಸಿದರು. ಮಗಳು ತನ್ನ ಮಕ್ಕಳನ್ನು ಕರೆದುಕೊಂಡು ಬಂದಾಗಲೆಲ್ಲ ಮೊದಲು ಅಲ್ಲಿಗೇ ಹೋಗುತ್ತಿದ್ದಳು. ಮೈದಾ ಮೂಟೆಯ ಮೇಲೆ ಈಗ ಎರಡು ಮಕ್ಕಳು ಕೂರುತ್ತಿದ್ದವು. ಹೋದ ಆಷಾಢದಲ್ಲಿ, ಮಧ್ಯಾಹ್ನದ ರಸ್ಕು ಒಲೆಗೆ ತಳ್ಳಿ, ಸ್ವಲ್ಪ ಮಲಗ್ತೀನಿ ಎಂದು ಹೆಂಡತಿಗೆ ಹೇಳಿ ಮಲಗಿದವರು ಏಳಲಿಲ್ಲ. ರಸ್ಕು ಸುಟ್ಟ ವಾಸನೆ ಬಂದಾಗಲೇ ಆಕೆಗೆ ಗೊತ್ತಾದದ್ದಂತೆ. ಆ ಮನುಷ್ಯ ರಸ್ಕು ಸುಡಲು ಬಿಟ್ಟವರೇ ಅಲ್ಲ.

ನಾನು ಹೋದಾಗ ಅಂಗಳದಲ್ಲಿ ಜನ. ಮಂಡಿಯ ಸಾಹುಕಾರರೂ ಇದ್ದರು. ನನಗೊಂದು ಕುರ್ಚಿ ತಂದು ಹಾಕಿದವನು ಒಲೆ ಕಟ್ಟಿದ್ದ ಗಾರೆಯವನು. ಈಗ ಅವನಿಗೂ ತಲೆ ಬೆಳ್ಳಗಾಗಿದೆ. ಮಾತಿಗೆಂದು ಹೇಳಿದೆ, "ಆ ಸಲ ಹಳೆ ಒಲೆ ಕೆಟ್ಟಿತ್ತು, ನನ್ನ ಪುಣ್ಯ. ಇಲ್ಲದಿದ್ದರೆ ನನ್ನ ಮಗಳ ಬೀಗರೂಟ ನಡೆಯುತ್ತಿರಲಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. "ಕೆಟ್ಟಿತ್ತಾ? ಯಾರ್ ಏಳುದ್ರು ಟೀಚರಮ್ಮ?"

"ಕಾಕಾನೇ."

"ಗುಂಡುಕಲ್ಲಂಗಿತ್ತು ಕಣಮ್ಮ ಆ ಒಲೆ. ಕೀಳಕ್ಕೆ ಎಲ್ಡ್ ದಿವ್ಸ ಒದ್ದಾಡ್ಬುಟ್ಟೆ, ನನ್ ಆರೆ ಮೂತಿ ಮುರುದೋಯ್ತು. ಇನ್ನೂ ಅತ್ತ್ ವರ್ಸ ಬತ್ತದೆ, ತಲೆಗಿಲೆ ಕೆಟ್ಟದಾ ಕಾಕಾ ನಿಮ್ಗೆ ಅಂದೆ. ಟೀಚರ್ ಮನೆ ಕೋಳಿ ಬೇಯ್ಬೇಕು, ಮೋಳ್ ಮದ್ವೆ, ಅಂದ್ರು. ಆಯ್ತು ಬೇಯ್ಸಿ, ಆಮ್ಯಾಕೆ ತೊಳ್ದು ಮಣ್ಣ್ ಬಳುದ್ಬುಟ್ಟು ಒಸದು ಅಂತ ಏಳವ, ಯಾರ್ ಒಲೆ ಒಳಿಕ್ ತಲೆ ಆಕ್ ನೋಡಾರು ಅಂದೆ." ಅವನು ಮೂಗು ಒರೆಸಿಕೊಂಡ. "ಯಾರೂ ನೋಡಲ್ಲ, ಅದಕ್ಕೇ ಕೀಳ್ಬೇಕು, ಅಂದ್ರು ಕಣಮ್ಮ."

ಮನೆಗೆ ಬಂದು ಸೀದಾ ಹಿತ್ತಲಿಗೆ ಹೋದೆ. ಹನ್ನೊಂದು ವರ್ಷ ನಾನು ಬಟ್ಟೆ ಒಗೆದ ಜಾಗ, ಸೋಪಿನ ನೀರು ಚೆಲ್ಲಿದ ಜಾಗ. ಮೊಣಕಾಲು ನೋಯುತ್ತಿದ್ದರೂ ಕಲ್ಲು ಹಿಡಿದುಕೊಂಡು ಕೂತು, ಒಂದೊಂದೇ ಇಟ್ಟಿಗೆಯ ಮೇಲೆ ಬೆರಳಾಡಿಸಿದೆ. ಬಿರುಕು ಹುಡುಕಿದೆ. ಒಂದಾದರೂ ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತೇನೋ. ಹಾರೆಯ ಏಟಿಗೆ ಒಂದೆರಡರ ಮೂಲೆ ಚಕ್ಕೆ ಎದ್ದಿತ್ತು, ಅಷ್ಟೇ.

ಮಗಳಿಗೆ ಫೋನ್ ಮಾಡಿ ಹೇಳಿದೆ. "ಅಮ್ಮ, ಅಲ್ಲಿ ಬಟ್ಟೆ ಒಗೆಯೋದು ನಿಲ್ಲಿಸ್ತೀಯಾ?" ಎಂದಳು.

ಇಲ್ಲ ಎಂದೆ. ಕೆಸರಾಗದೆ ಇರಲಿ ಎಂದು ಕಳಿಸಿದವರು, ಒಗೆಯಲಿ ಎಂದೇ ಕಳಿಸಿದ್ದು. ದಿನಾ ಒಗೆಯುತ್ತೇನೆ. ಒಗೆದಾದ ಮೇಲೆ ಮಾತ್ರ ಒಳ್ಳೆಯ ನೀರಿನಲ್ಲಿ ಒಮ್ಮೆ ತೊಳೆಯುತ್ತೇನೆ. ಬಿಸಿಲಿಗೆ ಸಂಜೆಯವರೆಗೂ ಅವು ಬೆಚ್ಚಗಿರುತ್ತವೆ, ಕಾವು ಕುಡಿದಿಟ್ಟುಕೊಳ್ಳುವ ಇಟ್ಟಿಗೆಗಳಲ್ಲವೇ. ಟೀ ಲೋಟ ಹಿಡಿದು ಅಲ್ಲೇ ಕಲ್ಲಿನ ಮೇಲೆ ಕೂರುತ್ತೇನೆ, ಚಪ್ಪಲಿ ಕಳಚಿ ಕಾಲಿಡುತ್ತೇನೆ. ಒನ್ನ್, ರಂಡ್, ಮೂನ್ನ್ ಎಂದು ಎಣಿಸುತ್ತೇನೆ. ನನಗೆ ಮಲಯಾಳದಲ್ಲಿ ಗೊತ್ತಿರುವುದು ಹನ್ನೆರಡರವರೆಗೆ. ಅಷ್ಟಾದರೂ ಕಾಲು ತೆಗೆಯಬೇಕೆನಿಸುವುದಿಲ್ಲ.